ಯಾರ ಪದ್ಯ, ಯಾರ ಬಾಯಿ

ಪ್ರತಿಭಾ ಕಾರಂಜಿಯ ದಿನ ಯಾವುದಾದರೂ ಶಾಲೆಯ ಅಂಗಳಕ್ಕೆ ಹೋಗಿ ನೋಡಿ. ಒಂದು ಕೋಣೆಯಲ್ಲಿ ಕಂಠಪಾಠ, ಪಕ್ಕದ ಕೋಣೆಯಲ್ಲಿ ಭಾವಗೀತೆ. ಜಗಲಿಯಲ್ಲಿ ಛದ್ಮವೇಷದ ಒನಕೆ ಓಬವ್ವ, ಮೀಸೆ ಅಂಟಿಸಿಕೊಂಡ ಸಂಗೊಳ್ಳಿ ರಾಯಣ್ಣನ ಜೊತೆ ಚುರುಮುರಿ ಹಂಚಿಕೊಳ್ಳುತ್ತಿರುತ್ತಾಳೆ. ಬೆಳಗಿನಿಂದ ಸಂಜೆಯವರೆಗೆ ಮಕ್ಕಳ ಬಾಯಿಗೆ ಬಿಡುವಿಲ್ಲ, ಆದರೆ ಅಷ್ಟೂ ಬಾಯಿಗಳಲ್ಲಿ ಆಡುತ್ತಿರುವುದು ದೊಡ್ಡವರ ಮಾತು. ಕವನ ವಾಚನ ಉಂಟಲ್ಲ ಎನ್ನುತ್ತೀರಿ. ಉಂಟು. ಅಲ್ಲಿ ಮಗು ಓದುವ 'ಸ್ವಂತ' ಕವನದ ಹಿಂದೆಯೂ ಎಷ್ಟೋ ಸಲ ಅಪ್ಪನದೋ ಕನ್ನಡ ಮೇಷ್ಟರದೋ ಕೈಬರಹ ಇಣುಕುತ್ತದೆ. ಏಳನೇ ತರಗತಿಯ ಹುಡುಗಿ ತಾನಾಗಿ 'ಸೌಹಾರ್ದದ ಹಣತೆ' ಎಂದು ಬರೆದಳೆಂದರೆ ನಾನಂತೂ ನಂಬಲಾರೆ.

ಶಾಲೆಯ ಮಕ್ಕಳಿಗೆ ಪದ್ಯ ಬರೆಯುವುದನ್ನು ಕಲಿಸಬೇಕೆ? ಕಲಿಸಬೇಕು, ಮತ್ತು ಬರೆದ ಮಗುವೇ ಅದನ್ನು ಎದ್ದು ನಿಂತು ಹೇಳಬೇಕು ಎಂಬುದು ನನ್ನ ವಾದ. ಬರೆಯುವ ಕೈಯನ್ನೂ ಹೇಳುವ ಬಾಯಿಯನ್ನೂ ಬೇರೆ ಮಾಡಿದರೆ ಎರಡೂ ಕೆಡುತ್ತವೆ. ನಾಡಿಗೆ ಕವಿಗಳನ್ನು ತಯಾರಿಸುವ ಉದ್ದೇಶ ನನಗಿಲ್ಲ. ಬೆಂಗಳೂರಿನ ನಮ್ಮ ರಾಜಾಜಿನಗರದ ಆರು ಬ್ಲಾಕುಗಳಲ್ಲಿ ಈಗಿರುವ ಕವಿಗಳೇ ಸಾಕಷ್ಟಾಯಿತು.

ಶಾಲೆ ಪದ್ಯವನ್ನು ಅಲಕ್ಷಿಸಿದೆ ಎಂದು ದೂರುವ ಹಾಗಿಲ್ಲ. ಮಕ್ಕಳಿಗಾಗಿ ಬರೆದವರ ದೊಡ್ಡ ಸಾಲೇ ನಮ್ಮಲ್ಲಿದೆ. 1921ರಲ್ಲಿ ಮಂಗಳೂರಿನಲ್ಲಿ ಬಾಲಸಾಹಿತ್ಯ ಮಂಡಲ ಕಟ್ಟಿದ ಪಂಜೆ ಮಂಗೇಶರಾಯರಿಂದ ಹಿಡಿದು ಜಿ.ಪಿ. ರಾಜರತ್ನಂ, ಎಚ್.ಎಸ್. ವೆಂಕಟೇಶಮೂರ್ತಿಯವರ ತನಕ. ನಲಿಕಲಿ ಬಂದ ಮೇಲೆ ಒಂದನೇ ತರಗತಿಯಲ್ಲಿ ದಿನವೂ ಹಾಡು. ಹೈಸ್ಕೂಲಿಗೆ ಬಂದರೆ ಛಂದಸ್ಸು: ಲಘು, ಗುರು, ಪ್ರಸ್ತಾರ, ಗಣ ವಿಭಾಗ. ಭಾಮಿನಿ ಷಟ್ಪದಿಯ ಮೊದಲ ಸಾಲಿಗೆ 14 ಮಾತ್ರೆ, ಮೂರನೆಯ ಸಾಲಿಗೆ 23 ಎಂದು ಹತ್ತನೇ ತರಗತಿಯ ಹುಡುಗ ನಿದ್ದೆಗಣ್ಣಲ್ಲೂ ಹೇಳುತ್ತಾನೆ. ಆದರೆ 14 ಮಾತ್ರೆಯ ಒಂದೇ ಒಂದು ಸಾಲನ್ನು ಅವನು ತಾನೇ ಕಟ್ಟಿರುವುದಿಲ್ಲ. ಉಪ್ಪಿಟ್ಟಿನಲ್ಲಿರುವ ಸಾಸಿವೆ ಕಾಳು ಎಣಿಸಲು ಹೇಳಿಕೊಟ್ಟು ಒಲೆ ಹಚ್ಚಲು ಬಿಡದಿದ್ದರೆ ಹೇಗೋ ಹಾಗೆ.

ಕಟ್ಟುವುದು ಕಷ್ಟವೂ ಅಲ್ಲ. 'ವಿಜಯನಗರದ ಬಸ್ಸು ಬಂದಿತು'. ಎಣಿಸಿ: ವಿಜಯ ಮೂರು, ನಗರದ ನಾಲ್ಕು, ಬಸ್ಸು ಮೂರು, ಬಂದಿತು ನಾಲ್ಕು. ಭಾಮಿನಿಯ ಒಂದು ಸಾಲು ಬಸ್ ಸ್ಟಾಪಿನಲ್ಲೇ ಸಿಕ್ಕಿತು. 'ಎರಡು ಇಡ್ಲಿಗೆ ಒಂದೆ ಚಟ್ನಿಯೆ', ಇದೂ ಅದೇ ಲೆಕ್ಕ. ಇಂಥ ಎರಡು ಸಾಲನ್ನು ಕರಿಹಲಗೆಯ ಮೇಲೆ ಬರೆದು, ಮುಂದಿನದನ್ನು ನೀವೇ ಹೇಳಿ ಎಂದು ಬಿಟ್ಟರೆ ಪರೀಕ್ಷೆಯ ಪ್ರಸ್ತಾರವೂ ತಾನಾಗಿ ಬರುತ್ತದೆ.

ಕಳೆದ ವರ್ಷ ಕಾಮಾಕ್ಷಿಪಾಳ್ಯದ ಕಡೆಯ ಒಂದು ಶಾಲೆಯಲ್ಲಿ, ಶನಿವಾರದ ಬೆಳಗಿನ ಪಾಠ ಮುಗಿದ ಮೇಲೆ, ಏಳನೇ ತರಗತಿಯವರ ಜೊತೆ ಒಂದು ಗಂಟೆ ಕೂತಿದ್ದೆ. ಪದ್ಯ ಬರೆಯಿರಿ ಎಂದದ್ದೇ ತಡ, ಕನ್ನಡಾಂಬೆ, ಪರಿಸರ, ಅಮ್ಮ ಮೂವರೂ ಬಂದು ಕೂತರು. ಅಮ್ಮನಿಗೆ ನಮ್ಮ, ನಮ್ಮನಿಗೆ ಗುಮ್ಮ. ಪ್ರಾಸ ಸಿಕ್ಕಿದರೆ ಪದ್ಯ ಸಿಕ್ಕಿತು ಎಂಬ ನಂಬಿಕೆ. ಮಂಜೇಶ್ವರದ ಗೋವಿಂದ ಪೈಗಳು 1911ರಲ್ಲೇ ಪ್ರಾಸ ಬಿಟ್ಟು ಬರೆದು ಪಂಡಿತರ ಕೋಪ ಕಟ್ಟಿಕೊಂಡರು. ಅವರು ಬಿಟ್ಟದ್ದು ಆದಿಪ್ರಾಸ, ನಿಜ. ಆದರೂ ದೊಡ್ಡವರು ನೂರು ವರ್ಷದ ಹಿಂದೆ ಪಡೆದ ಆ ಬಿಡುಗಡೆಯ ಸುದ್ದಿ ಏಳನೇ ತರಗತಿಗೆ ಇನ್ನೂ ತಲುಪಿಲ್ಲ. ಅಮೆರಿಕದ ಕವಿ ಕೆನೆತ್ ಕೋಕ್ 1968ರಲ್ಲಿ ನ್ಯೂಯಾರ್ಕಿನ ಪಿ.ಎಸ್. 61 ಎಂಬ ಸರ್ಕಾರಿ ಶಾಲೆಯಲ್ಲಿ ಮಕ್ಕಳಿಗೆ ಪದ್ಯ ಹೇಳಿಕೊಡಲು ಹೊರಟಾಗ ಮೊದಲು ಬದಿಗಿಟ್ಟದ್ದೂ ಪ್ರಾಸವನ್ನೇ. ಪ್ರತಿ ಸಾಲೂ 'ನನಗೆ ಆಸೆ' ಎಂದು ಶುರುವಾಗಲಿ ಎಂದರು.

ನಾನೂ ವರಸೆ ಬದಲಿಸಿದೆ. ನಿನ್ನೆ ರಾತ್ರಿ ಮನೆಯಲ್ಲಿ ಕೇಳಿದ ಒಂದು ಸದ್ದು, ಅದನ್ನು ಪಕ್ಕದಲ್ಲಿ ಕೂತವನಿಗೆ ಹೇಳುವ ಹಾಗೆ ಬರೆಯಿರಿ ಎಂದೆ. ಆ ಭಾಗದಲ್ಲಿ ಮನೆಗೊಂದು ಲೇತ್ ಇದೆಯೇನೋ ಎನ್ನುವಷ್ಟು ವರ್ಕ್‌ಶಾಪುಗಳಿವೆ. ಹಿಂದಿನ ಬೆಂಚಿನ ಹುಡುಗನೊಬ್ಬ ಬರೆದದ್ದು ಇದು:

ಅಪ್ಪ ಲೇತ್ ಮುಂದೆ ನಿಂತ್ಕೊಂಡ್ರೆ
ಕಬ್ಬಿಣಾನೇ ಮಾತಾಡೋದು.
ಮನೇಗ್ ಬಂದ್ರೂ ಅಪ್ಪ ಕೂಗೇ ಮಾತಾಡ್ತಾರೆ,
ಉಪ್ಪು ಕೇಳೋಕೂ.
ನಮ್ಮಪ್ಪ ನಮ್ಮ ದೇವರು.

ಓದು ಎಂದೆ. ಮೊದಲ ಸಲ ಗೊಣಗಿದ, ಯಾರಿಗೂ ಕೇಳಿಸಲಿಲ್ಲ. ಅಪ್ಪ ಕೂಗೋ ಹಾಗೆ ಹೇಳು ನೋಡೋಣ ಎಂದಾಗ ಎದೆಯುಬ್ಬಿಸಿ ಕೂಗಿದ. 'ಉಪ್ಪು' ಬಂದಾಗ ಪಕ್ಕದ ಕೋಣೆಯ ಮಿಸ್ ಬಾಗಿಲಲ್ಲಿ ಇಣುಕಿದರು. ಕೊನೆಯ ಸಾಲಿಗೆ ಬಂದವನು ತಡವರಿಸಿ ನಿಂತ. "ಸಾರ್, ಇದನ್ನ ಕೂಗಕ್ಕಾಗಲ್ಲ," ಎಂದು ತಾನೇ ಪೆನ್ಸಿಲಿನಿಂದ ಹೊಡೆದುಹಾಕಿದ.

ನನ್ನ ವಾದದ ಜೀವ ಇರುವುದು ಆ ಪೆನ್ಸಿಲ್ ಗೀಟಿನಲ್ಲಿ. ಆ ಸಾಲು ಎಲ್ಲಿಂದಲೋ ಎತ್ತಿ ತಂದದ್ದು, ಸುಮ್ಮನೆ ತುಂಬಿಸಿದ್ದು ಎಂದು ನಾನು ಹೇಳಬೇಕಾಗಲಿಲ್ಲ. ಅವನ ಬಾಯಿಯೇ ಹೇಳಿತು. ಬರೆದು ನೋಟ್‌ಬುಕ್ ಮುಚ್ಚಿದ್ದರೆ ಅದು ಅಲ್ಲೇ ಉಳಿಯುತ್ತಿತ್ತು. ಬೇರೆಯವರ ಪದ್ಯವನ್ನು ಹೇಳುತ್ತಿದ್ದಿದ್ದರೆ ಹೊಡೆದುಹಾಕುವ ಅಧಿಕಾರವೇ ಅವನಿಗಿರುತ್ತಿರಲಿಲ್ಲ. ಕೇರಳದ ಶಾಲಾ ಕಲೋತ್ಸವದಲ್ಲಿ ಕಾಸರಗೋಡಿನ ನಮ್ಮ ಮಕ್ಕಳಿಗೆ ಕನ್ನಡ ಕವಿತಾ ರಚನೆಯ ಸ್ಪರ್ಧೆಯೇ ಇದೆ. ಆ ಮಟ್ಟಿಗೆ ಅವರು ನಮಗಿಂತ ಒಂದು ಹೆಜ್ಜೆ ಮುಂದೆ. ಅಲ್ಲೂ ರಚನೆ ಒಂದು ಸ್ಪರ್ಧೆ, ಪದ್ಯ ಹೇಳುವುದು ಇನ್ನೊಂದು. ಬರೆದವರು ಬರೆದುಕೊಟ್ಟು ಹೋಗುತ್ತಾರೆ, ಹೇಳುವವರು ಬೇರೆ ಯಾರದೋ ಪದ್ಯ ಹೇಳುತ್ತಾರೆ.

ಆ ಹುಡುಗನ ಪದ್ಯದ ಮುಂದಿನ ಕತೆಯನ್ನೂ ಹೇಳಿಬಿಡುತ್ತೇನೆ. ಎರಡು ವಾರದ ನಂತರ ಅದು ಗೋಡೆ ಪತ್ರಿಕೆಯಲ್ಲಿ ದುಂಡಗಿನ ಅಕ್ಷರದಲ್ಲಿ ಅಂಟಿತ್ತು. 'ನನ್ನ ತಂದೆಯವರು ಯಂತ್ರದ ಮುಂದೆ ನಿಂತಾಗ' ಎಂದು ಶುರು. ಉಪ್ಪು ಮಾಯ. ದೇವರು ವಾಪಸು ಬಂದಿದ್ದರು. ತಿದ್ದಿದವರದು ಒಳ್ಳೆಯ ಮನಸ್ಸೇ. ಮಗುವಿನ ಕನ್ನಡ ಶುದ್ಧವಾಗಿರಲಿ ಎಂಬ ಕಾಳಜಿ. ಆದರೆ ಪ್ರಬಂಧಕ್ಕೆ ಬೇಕಾದ ಶುದ್ಧಿ ಬೇರೆ, ಪದ್ಯಕ್ಕೆ ಬೇಕಾದ ಸತ್ಯ ಬೇರೆ. ನಮ್ಮ ಈ ಪಶ್ಚಿಮದ ಬಡಾವಣೆಗಳ ಒಂದೇ ತರಗತಿಯಲ್ಲಿ ಮಾಗಡಿಯ ಕನ್ನಡ, ಮಂಡ್ಯದ ಕನ್ನಡ, ಕಟ್ಟಡ ಕೆಲಸಕ್ಕೆ ಬಂದ ಕಲಬುರಗಿಯವರ ಕನ್ನಡ, ಮನೆಯಲ್ಲಿ ತಮಿಳೋ ಉರ್ದುವೋ ಆಡಿ ಬೀದಿಯಲ್ಲಿ ಕಲಿತ ಕನ್ನಡ ಎಲ್ಲ ಕೂತಿರುತ್ತವೆ. ಪಠ್ಯಪುಸ್ತಕ ಇವುಗಳಲ್ಲಿ ಯಾವುದನ್ನೂ ಮಾತಾಡುವುದಿಲ್ಲ. ವಾರಕ್ಕೊಂದು ಗಂಟೆಯಾದರೂ ಇವು ಬಾಯಿ ತೆರೆಯಲಿ.

ರಾಜಾಜಿನಗರದ ಮಗ್ಗುಲಲ್ಲೇ ಶ್ರೀರಾಂಪುರ. ಮಾಗಡಿ ತಾಲ್ಲೂಕಿನ ಮಂಚನಬೆಲೆಯಿಂದ ಬಂದ ಕವಿ ಸಿದ್ಧಲಿಂಗಯ್ಯ (1954–2021) ಹುಡುಗನಾಗಿ ಬೆಳೆದದ್ದು ಅಲ್ಲಿ. ಸ್ಮಶಾನದ ಗೋರಿಗಳ ನಡುವೆ ಕೂತು ಓದುತ್ತಿದ್ದುದನ್ನು ಆತ್ಮಕಥೆ 'ಊರುಕೇರಿ'ಯಲ್ಲಿ ಅವರು ನಗಿಸುತ್ತಲೇ ಹೇಳಿಕೊಂಡಿದ್ದಾರೆ. 1975ರಲ್ಲಿ 'ಹೊಲೆಮಾದಿಗರ ಹಾಡು' ಬಂದಾಗ ಅವರಿಗೆ ಇಪ್ಪತ್ತೊಂದರ ಆಸುಪಾಸು. ಆ ಪದ್ಯಗಳನ್ನು ಪುಸ್ತಕದಲ್ಲಿ ಓದಿದವರಿಗಿಂತ ಮೆರವಣಿಗೆಯಲ್ಲಿ ಹಾಡಿ ಕಲಿತವರು ಹೆಚ್ಚು. ಮುಂದೆ ಅವರು ಜ್ಞಾನಭಾರತಿಯಲ್ಲಿ ಕನ್ನಡದ ಪ್ರಾಧ್ಯಾಪಕರಾದರು. ಕೇರಿಯ ಮಾತಿಗೆ ಯಾರಾದರೂ ಮೊದಲೇ ಕೆಂಪು ಶಾಯಿ ಹಚ್ಚಿ ಮುಗಿಸಿದ್ದರೆ ಕನ್ನಡಕ್ಕೆ ಆ ಹಾಡು ಸಿಗುತ್ತಿರಲಿಲ್ಲ.

ಮೊದಲು ಒಳ್ಳೆಯ ಪದ್ಯ ನೂರು ಬಾಯಿಪಾಠವಾಗಲಿ, ಬರೆಯುವುದು ಆಮೇಲೆ ಎನ್ನುವ ಹಿರಿಯರಿದ್ದಾರೆ. ಅವರ ಮಾತಿನಲ್ಲಿ ಅರ್ಧ ನಿಜವಿದೆ. ಬಾಯಿಪಾಠ ಕಿವಿಯನ್ನು ತಿದ್ದುತ್ತದೆ, ಅದಿಲ್ಲದೆ ಬರೆಯಹೊರಟರೆ ಪದ್ಯ ಸೊರಗುತ್ತದೆ. ನಾನೂ ಬಾಯಿಪಾಠದಲ್ಲೇ ಬೆಳೆದವನು. ಆದರೆ ನೂರಾದ ಮೇಲೆ ಎಂದರೆ ಆ 'ಆಮೇಲೆ' ಎಸ್ಸೆಸ್ಸೆಲ್ಸಿ ಮುಗಿದರೂ ಬರುವುದಿಲ್ಲ. ಮಾತು ಕಲಿಯುವ ಮಗುವಿಗೆ ನಿಘಂಟು ಮುಗಿಸಿ ಬಾ ಎನ್ನುವವರುಂಟೆ? ಕೇಳುತ್ತ ಆಡುತ್ತ ಎರಡೂ ಒಟ್ಟಿಗೆ ನಡೆಯುತ್ತವೆ.

ನನಗಿರುವ ಭಯ ಬೇರೆ. ತಾವೇ ಬರೆದು ಹೇಳುವುದೂ ಒಂದು ಸ್ಪರ್ಧೆಯಾದರೆ, ಮರುವರ್ಷವೇ ಬಸವೇಶ್ವರನಗರದಲ್ಲಿ ಇದಕ್ಕೊಂದು ಟ್ಯೂಷನ್ ತೆರೆಯುತ್ತದೆ. ಹಕ್ಕಿ ಎಂದಾಗ ಎರಡೂ ಕೈ ಬಡಿಯಬೇಕು, ತಾಯಿ ಎಂದಾಗ ಎದೆ ಮುಟ್ಟಿಕೊಳ್ಳಬೇಕು ಎಂಬ ಕವಾಯತು ಶುರುವಾಗುತ್ತದೆ. ತಾಯಿತಂದೆಯರ ಫೋನುಗಳು ಮೇಲೇಳುತ್ತವೆ, ಸಂಜೆಯೊಳಗೆ ಮನೆಯವರ ವಾಟ್ಸಾಪ್ ಗುಂಪಿನಲ್ಲಿ ನಲವತ್ತು ಹೂಗುಚ್ಛ. ಅಲ್ಲಿಗೆ ಆ ಮಗು ಹೊಡೆದುಹಾಕುವುದನ್ನು ನಿಲ್ಲಿಸುತ್ತದೆ, ಯಾವ ಸಾಲಿಗೆ ಚಪ್ಪಾಳೆ ಬಿತ್ತೋ ಅದನ್ನೇ ಮತ್ತೆ ಬರೆಯುತ್ತದೆ. ದೊಡ್ಡ ಕವಿಗಳಿಗೇ ಈ ಚಟ ಬಿಡಿಸುವುದು ಕಷ್ಟ.

ಆದ್ದರಿಂದ ನನ್ನ ಕೋರಿಕೆ ಸಣ್ಣದು. ನವೆಂಬರ್ ಪೂರ್ತಿ ನಮ್ಮ ಕಡೆ ಬೀದಿಗೊಂದು ರಾಜ್ಯೋತ್ಸವ. ನಿಮ್ಮ ಬೀದಿಯ ವೇದಿಕೆಯಲ್ಲಿ ಆರ್ಕೆಸ್ಟ್ರಾ ಶುರುವಾಗುವ ಮುಂಚೆ ಹತ್ತು ನಿಮಿಷ ಪಕ್ಕದ ಶಾಲೆಯ ಮೂರು ಮಕ್ಕಳಿಗೆ ಕೊಡಿ. ತಾವು ಬರೆದದ್ದನ್ನು ತಾವು ಬರೆದ ಹಾಗೆಯೇ ಹೇಳಲಿ. ಬಹುಮಾನ ಬೇಡ, ಹಾರ ಬೇಡ, ತೀರ್ಪುಗಾರರು ಬೇಡವೇ ಬೇಡ. ಮೈಕ್ ಸ್ಟ್ಯಾಂಡನ್ನು ಮಾತ್ರ ಅವರ ಎತ್ತರಕ್ಕೆ ಇಳಿಸಿಕೊಡಿ.