ಹಾಸಿಗೆಗೆ ಹೊಲದ ಔಷಧಿ ಬೇಡ

ಸಿಂಧನೂರು, ಗಂಗಾವತಿ ಕಡೆ ಕೀಟನಾಶಕಕ್ಕೆ ಜನ ಎಣ್ಣಿ ಅಂತಾರೆ, ಔಷಧಿ ಅಂತಾರೆ. ವಿಷ ಅಂತ ಕರೆಯುವವರು ಕಡಿಮೆ. ಭತ್ತಕ್ಕೆ ಹೊಡೆದು ಉಳಿದದ್ದು ಮನೆಗೆ ಬರುತ್ತದೆ, ತಗಣಿ ಕಾಟಕ್ಕೆಂದು ಮಂಚದ ಸಂದಿಗೂ ಬೀಳುತ್ತದೆ. ರಾತ್ರಿ ಅದೇ ಮಂಚದ ಮೇಲೆ ಮಕ್ಕಳು ಮಲಗುತ್ತಾರೆ. ಜಿಲ್ಲೆಯ ಸುದ್ದಿ ಕಳಿಸುವ ನಮ್ಮಂಥವರಿಗೆ ಇದು ಸುದ್ದಿಯಾಗುವುದು ಯಾರಾದರೂ ಆಸ್ಪತ್ರೆ ಸೇರಿದ ಮೇಲೆ. ಹಾಗಾಗುವ ಮುಂಚೆಯೇ ಒಮ್ಮೆ ಬರೆದುಬಿಡೋಣ ಎನಿಸಿತು.

ಮನೆಯಲ್ಲಿ ಹುಳದ ನಾತ ಬಂದರೆ ಮೊದಲು ಯಾವ ಹುಳ ಎಂದು ನೋಡಬೇಕು. ಭತ್ತ ಹಾಲುಗಾಳು ಕಟ್ಟುವ ಹೊತ್ತಿಗೆ ಗದ್ದೆ ಪಕ್ಕದ ಮನೆಗೆ ಉದ್ದ ಕಾಲಿನ, ಸಪೂರ ಮೈಯ ಹಸಿರು-ಕಂದು ಹುಳ ಬಂದರೆ ಅದು ತೆನೆಯ ರಸ ಹೀರುವ ತಿಗಣೆ. ಮುಟ್ಟಿದರೆ ಕೈಯೆಲ್ಲ ವಾಸನೆ. ಅದಕ್ಕೆ ಮನೆಯೊಳಗೆ ಕೆಲಸವಿಲ್ಲ. ಹೊರಗಿನ ದೀಪ ಆರಿಸಿ, ಕಿಟಕಿಗೆ ಜಾಳಿಗೆ ಹಾಕಿ, ಹೊಸಕದೆ ಗುಡಿಸಿ ಹಾಕಿದರೆ ಸಾಕು. ಅಡುಗೆಮನೆಯ ಕಪಾಟಿನ ಹಿಂದೆ ಹಳೇ ಜಿಡ್ಡಿನಂಥ ನಾತ ಬಂದರೆ ಜಿರಳೆ. ಗೋಧಿ ಹಿಟ್ಟು, ಸಕ್ಕರೆ, ಬೋರಿಕ್ ಪುಡಿ ಕಲಸಿದ ಉಂಡೆಯನ್ನು ಮಕ್ಕಳ ಕೈಗೆ ಸಿಗದ ಸಂದಿಯಲ್ಲಿ ಇಟ್ಟರೆ ಕ್ರಮೇಣ ಕಡಿಮೆಯಾಗುತ್ತವೆ.

ತಗಣಿಯ ವಾಸನೆಯೇ ಬೇರೆ. ಹೊಸಕಿದರೆ ಕೊತ್ತಂಬರಿ ಸೊಪ್ಪು ಕೊಳೆತಂತೆ. ಮಸೂರ ಬೇಳೆಯಷ್ಟು ಗಾತ್ರ, ಚಪ್ಪಟೆ, ತುಕ್ಕಿನ ಬಣ್ಣ. ಹಾರುವುದಿಲ್ಲ, ಜಿಗಿಯುವುದಿಲ್ಲ. ಗಾದಿಯ ಹೊಲಿಗೆ, ಮಂಚದ ಕೀಲು, ಗೋಡೆಯ ಬಿರುಕಿನಲ್ಲಿ ಶಾಯಿ ಚುಕ್ಕೆಯಂಥ ಕಪ್ಪು ಕಲೆ ಕಂಡರೆ ಅನುಮಾನವೇ ಬೇಡ.

ಇಲ್ಲಿಯೇ ಜನ ಎಡವುವುದು. ಧಾನ್ಯದ ಗೋದಾಮಿಗೆ ಹಾಕುವ ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗೆಯನ್ನು ಕೋಣೆಯಲ್ಲಿಟ್ಟು ಬಾಗಿಲು ಹಾಕುವವರಿದ್ದಾರೆ. ಗಾಳಿಯ ತೇವ ತಗುಲಿದರೆ ಸಾಕು, ಅದು ಫಾಸ್ಫೀನ್ ಎಂಬ ಅನಿಲ ಬಿಡುತ್ತದೆ. ಪಕ್ಕದ ಕೋಣೆಗೂ ನುಸುಳುತ್ತದೆ. ಅದಕ್ಕೆ ಪ್ರತಿವಿಷವಿಲ್ಲ. ಪರಿಣತರ ಉಸ್ತುವಾರಿ ಇಲ್ಲದೆ ಬಳಸಬಾರದೆಂದು ಸರ್ಕಾರದ ನಿರ್ಬಂಧವೂ ಇದೆ. ಆದರೂ ಯಾತಕ್ಕೆ ಎಂದು ಕೇಳದೆ ಕೊಡುವ ಅಂಗಡಿಗಳಿವೆ. ಕೃಷಿ ಇಲಾಖೆಯವರು ರಸಗೊಬ್ಬರದ ದಾಸ್ತಾನು ಎಣಿಸುವಾಗ ಇದನ್ನೂ ಒಮ್ಮೆ ನೋಡಬಾರದೇ?

ತಗಣಿಗೆ ನಿಜವಾದ ಶತ್ರು ಬಿಸಿ. 50 ಡಿಗ್ರಿ ಸೆಲ್ಸಿಯಸ್ ದಾಟಿದರೆ ಮೊಟ್ಟೆಯೂ ಉಳಿಯುವುದಿಲ್ಲ. ಕೌದಿ, ದುಪ್ಪಟಿಗಳನ್ನು ಕುದಿಯುವ ನೀರಲ್ಲಿ ನೆನೆಸಿ. ಮಂಚ ಬಿಚ್ಚಿ ಕೀಲುಗಳಿಗೆ ಕುದಿನೀರು ಸುರಿಯಿರಿ. ಗಾದಿಯನ್ನು ಸುಮ್ಮನೆ ಬಿಸಿಲಿಗೆ ಹಾಕಿದರೆ ಅವು ತಣ್ಣಗಿರುವ ಅಡಿಬದಿಗೆ ಸರಿಯುತ್ತವೆ. ಸಣ್ಣ ಸಾಮಾನಾದರೆ ಕಪ್ಪು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು ಬಿಸಿಲಿಗಿಡುವುದು ಮೇಲು. ಒಂದು ಸಲಕ್ಕೆ ಮುಗಿಯುವ ಕೆಲಸವಲ್ಲ. ಉಳಿದ ಮೊಟ್ಟೆ ವಾರ-ಹತ್ತು ದಿನದಲ್ಲಿ ಒಡೆಯುತ್ತದೆ, ಆಗ ಮತ್ತೆ ಮಾಡಬೇಕು. ಸೀಮೆಎಣ್ಣೆ ಸುರಿಯುವುದಂತೂ ಬೇಡ, ಬೆಂಕಿಗೆ ದಾರಿ.

ಒಂದು ಮನೆಯಾದರೆ ಇಷ್ಟು ಸಾಕು. ಹಾಸ್ಟೆಲಾದರೆ ಸಾಲದು. ನಾವು ನೋಡಿದ ಹಾಸ್ಟೆಲುಗಳಲ್ಲಿ ಮೈಯೆಲ್ಲ ದದ್ದು ಎದ್ದ ಹುಡುಗನಿಗೆ ಸಿಗುವ ಮೊದಲ ಉತ್ತರ "ಸ್ನಾನ ಮಾಡಲ್ವೇನೋ". ತಗಣಿ ಹುಟ್ಟುವುದು ಕೊಳೆಯಿಂದಲ್ಲ. ಅದಕ್ಕೆ ಬೇಕಿರುವುದು ರಕ್ತ, ಟ್ರಂಕು-ಹಾಸಿಗೆ ಹತ್ತಿ ಎಲ್ಲಿಗೂ ಬರುತ್ತದೆ. ಆದರೆ ಆ ಮಾತು ಕೇಳಿದ ಹುಡುಗ ಎರಡನೇ ಸಲ ಬಾಯಿ ಬಿಡುವುದಿಲ್ಲ, ಊರಿಂದ ಬರುವಾಗ ಅಪ್ಪನ ಬಾಟಲಿಯಲ್ಲಿ ಒಂದಿಷ್ಟು ಎಣ್ಣಿ ತರುತ್ತಾನೆ. ನಮಗೆ ಹೆದರಿಕೆ ಇರುವುದು ಇದರ ಬಗ್ಗೆ.

ಬೇಸಿಗೆ ರಜೆಯಲ್ಲಿ ಕೋಣೆಗಳು ಖಾಲಿ ಇರುತ್ತವೆ. ರಕ್ತ ಸಿಗದೆ ತಿಂಗಳುಗಟ್ಟಲೆ ಬದುಕುವ ಹುಳ ಇದು, ತಾನಾಗಿಯೇ ಸಾಯಲಿ ಎಂದು ಬೀಗ ಹಾಕಿ ಕೂರುವುದರಲ್ಲಿ ಅರ್ಥವಿಲ್ಲ. ಎಲ್ಲ ಕೋಣೆಗಳ ಮಂಚಗಳನ್ನು ಒಟ್ಟಿಗೇ ಬಿಚ್ಚಿಸಿ, ಗೋಡೆಯ ಬಿರುಕು ಮುಚ್ಚಿಸಿ, ಅಗತ್ಯವಿದ್ದರೆ ಪರವಾನಗಿ ಇರುವವರನ್ನೇ ಕರೆಸಲಿ. ಅದರ ಖರ್ಚನ್ನು ಹಾಸ್ಟೆಲ್ ನಿರ್ವಹಣೆಯ ಹಣದಲ್ಲಿ ತೋರಿಸಲು ವಾರ್ಡನ್‌ಗಳಿಗೆ ಇಲಾಖೆ ಜೂನ್‌ಗೆ ಮೊದಲೇ ಬರವಣಿಗೆಯಲ್ಲಿ ಅನುಮತಿ ಕೊಡಲಿ.