ಹಳೆಯ ಆಟಕ್ಕೆ ಹೊಸ ಯಂತ್ರದಲ್ಲಿ ಜಾಗವಿದೆಯೇ?

ವಿಜಯಪುರ: ಗೇಮ್ ಕನ್ಸೋಲ್ ಕೊಳ್ಳಲು ಹೋದವರು ಅಂಗಡಿಯಲ್ಲಿ ಸಾಮಾನ್ಯವಾಗಿ ಮೂರು ಪ್ರಶ್ನೆ ಕೇಳುತ್ತಾರೆ. ಬೆಲೆ ಎಷ್ಟು, ಜೊತೆಗೆ ಯಾವ ಆಟ ಕೊಡುತ್ತೀರಿ, ವಾರಂಟಿ ಎಷ್ಟು ದಿನ? ಮನೆಯ ಕಪಾಟಿನಲ್ಲಿ ಈಗಾಗಲೇ ಇರುವ ಡಿಸ್ಕ್‌ಗಳ ಗತಿ ಏನು ಎಂಬ ನಾಲ್ಕನೆಯ ಪ್ರಶ್ನೆ ಹೊಳೆಯುವುದು ಯಂತ್ರ ಮನೆ ಸೇರಿದ ನಂತರ. ಅಷ್ಟು ಹೊತ್ತಿಗೆ ಐವತ್ತು ಸಾವಿರ ರೂಪಾಯಿಯ ಆಸುಪಾಸಿನ ಹಣ ಕೈಬಿಟ್ಟು ಹೋಗಿರುತ್ತದೆ. ಕನ್ಸೋಲ್ ಈಗ ಮಹಾನಗರಗಳ ಸಿರಿವಂತರ ಮನೆಯ ವಸ್ತುವಾಗಿಯಷ್ಟೇ ಉಳಿದಿಲ್ಲ. ವಿಜಯಪುರದ ಜಲನಗರದಂತಹ ಬಡಾವಣೆಗಳ ಮಧ್ಯಮ ವರ್ಗದ ಕುಟುಂಬವೂ ಕಂತು ಕಟ್ಟಿಯಾದರೂ ಅದನ್ನು ತರಬಲ್ಲದು. ಆದ್ದರಿಂದಲೇ ಈ ನಾಲ್ಕನೆಯ ಪ್ರಶ್ನೆಗೆ ಮಹತ್ವ ಬಂದಿದೆ. ವಿಸಿಆರ್ ಹೋಗಿ ಸಿಡಿ ಬಂದಾಗ ಕ್ಯಾಸೆಟ್‌ಗಳು ಮೂಲೆ ಸೇರಿದ್ದನ್ನು ಕಂಡ ಪೀಳಿಗೆಗೆ ಇದು ಹೊಸ ಅನುಭವವೇನಲ್ಲ. ಆದರೆ ಇಲ್ಲಿ ವಿಚಿತ್ರವೆಂದರೆ ಕಂಪನಿ ಅದೇ, ಹೆಸರು ಅದೇ, ಡಿಸ್ಕ್‌ನ ಆಕಾರವೂ ಅದೇ. ಆಟ ಮಾತ್ರ ನಡೆಯುವುದಿಲ್ಲ.

ಹಳೆಯ ಪೀಳಿಗೆಯ ಆಟವನ್ನು ಹೊಸ ಯಂತ್ರ ಆಡಿಸುವ ಗುಣಕ್ಕೆ ಬ್ಯಾಕ್‌ವರ್ಡ್ ಕಂಪ್ಯಾಟಿಬಿಲಿಟಿ ಎಂಬ ಹೆಸರಿದೆ. ಜಾಹೀರಾತುಗಳು ಈ ಪದವನ್ನು ಇರುವುದು ಒಂದೇ ಅರ್ಥ ಎಂಬಂತೆ ಬಳಸುತ್ತವೆ. ವಾಸ್ತವದಲ್ಲಿ ಅದರೊಳಗೆ ಬೇರೆ ಬೇರೆ ವ್ಯವಸ್ಥೆಗಳಿವೆ, ಮತ್ತು ಅವುಗಳ ನಡುವಿನ ಅಂತರ ದೊಡ್ಡದು.

2000ನೇ ಇಸವಿಯಲ್ಲಿ ಜಪಾನಿನಲ್ಲಿ ಬಿಡುಗಡೆಯಾದ ಸೋನಿ ಕಂಪನಿಯ ಪ್ಲೇಸ್ಟೇಷನ್ 2 ಇದಕ್ಕೆ ಅತ್ಯಂತ ಸರಳ ಉದಾಹರಣೆ. ಮೊದಲನೆಯ ಪ್ಲೇಸ್ಟೇಷನ್‌ನ ಪ್ರೊಸೆಸರ್ ಅನ್ನೇ ಅದರೊಳಗೆ ಇಡಲಾಗಿತ್ತು. ಹೊಸ ಆಟ ನಡೆಯುವಾಗ ಆ ಚಿಪ್ ಬೇರೆ ಕೆಲಸ ನೋಡಿಕೊಳ್ಳುತ್ತಿತ್ತು, ಹಳೆಯ ಡಿಸ್ಕ್ ಹಾಕಿದಾಗ ತನ್ನ ಮೂಲ ವೃತ್ತಿಗೆ ಮರಳುತ್ತಿತ್ತು. 15 ಕೋಟಿಗೂ ಹೆಚ್ಚು ಸಂಖ್ಯೆಯಲ್ಲಿ ಮಾರಾಟವಾಗಿ, 2013ರ ಆರಂಭದವರೆಗೂ ತಯಾರಿಕೆಯಲ್ಲಿದ್ದ ಈ ಯಂತ್ರ ಭಾರತದ ಮಧ್ಯಮ ವರ್ಗದ ಮನೆಗಳಿಗೆ ಬಂದ ಮೊದಲ ನಿಜವಾದ ಕನ್ಸೋಲ್ ಎನ್ನಬಹುದು. ಅದಕ್ಕೂ ಮುಂಚೆ 1990ರ ದಶಕದಲ್ಲಿ ಇಲ್ಲಿ ಬಿಕರಿಯಾಗುತ್ತಿದ್ದವು ನಿಂಟೆಂಡೊ ಯಂತ್ರದ ನಕಲುಗಳಾದ ಎಂಟು ಬಿಟ್‌ನ ಟಿವಿ ಗೇಮ್‌ಗಳು. ಒಂದೇ ಕಾರ್ಟ್ರಿಡ್ಜ್‌ನಲ್ಲಿ 9999 ಆಟಗಳಿವೆ ಎಂದು ಅವುಗಳ ಮೇಲೆ ಬರೆದಿರುತ್ತಿತ್ತು. ತೆರೆದು ನೋಡಿದರೆ ಮರಿಯೋ ಮತ್ತು ಕಾಂಟ್ರಾಗಳೇ ಮತ್ತೆ ಮತ್ತೆ ಬರುತ್ತಿದ್ದವು.

ಊರು ಇನ್ನೂ ಬಿಜಾಪುರವಾಗಿದ್ದ 2007ರ ಏಪ್ರಿಲ್‌ನಲ್ಲಿ ಪ್ಲೇಸ್ಟೇಷನ್ 3 ಭಾರತಕ್ಕೆ ಬಂತು. ಬೆಲೆ 39,990 ರೂಪಾಯಿ. ತೊಡಕು ಆರಂಭವಾದದ್ದು ಇಲ್ಲಿಂದ. ಜಪಾನ್ ಮತ್ತು ಅಮೆರಿಕದಲ್ಲಿ ಮೊದಲು ಮಾರಿದ ಪಿಎಸ್3 ಒಳಗೆ ಪಿಎಸ್2ರ ಎರಡು ಮುಖ್ಯ ಚಿಪ್‌ಗಳಿದ್ದವು. ಯುರೋಪಿನ ಮಾದರಿಗೆ ಬರುವ ಹೊತ್ತಿಗೆ ಒಂದನ್ನು ಕಿತ್ತು, ಅದರ ಕೆಲಸವನ್ನು ತಂತ್ರಾಂಶಕ್ಕೆ ವಹಿಸಲಾಯಿತು. 2007ರ ಕೊನೆಗೆ ಬಂದ 40 ಜಿಬಿ ಮಾದರಿಯಲ್ಲಿ ಪಿಎಸ್2 ಡಿಸ್ಕ್‌ಗೆ ಜಾಗವೇ ಇರಲಿಲ್ಲ, ಆನಂತರದ ಬಹುತೇಕ ಮಾದರಿಗಳಲ್ಲೂ ಇಲ್ಲ. ಕಾರಣ ತಯಾರಿಕೆಯ ವೆಚ್ಚ. ಇದರಿಂದ ಆದ ಗೊಂದಲವೆಂದರೆ, ಹೊರಗಿನಿಂದ ಒಂದೇ ಹೆಸರಿನ ಯಂತ್ರ, ಒಳಗೆ ಮೂರು ಬಗೆ. ಇಂದು ಸೆಕೆಂಡ್ ಹ್ಯಾಂಡ್ ಪಿಎಸ್3 ಕೊಳ್ಳುವವನು ಹಿಂಬದಿಯ ಮಾದರಿ ಸಂಖ್ಯೆ ನೋಡದೆ ಹಣ ಕೊಡುವುದು ಸಲ್ಲದು.

ಪಿಎಸ್3ರ ಹೃದಯದಲ್ಲಿದ್ದ ಸೆಲ್ ಎಂಬ ಪ್ರೊಸೆಸರ್ ಕಂಪ್ಯೂಟರ್ ಜಗತ್ತಿನಲ್ಲಿ ತನ್ನದೇ ಜಾತಿಯದು. ಅದಕ್ಕಾಗಿ ಬರೆದ ಆಟವನ್ನು ಬೇರೆ ಯಂತ್ರದಲ್ಲಿ ನಡೆಸುವುದು ಕಷ್ಟ. ಪಿಎಸ್4 ತಯಾರಿಸುವಾಗ ಸೋನಿ ಆ ದಾರಿಯನ್ನೇ ಬಿಟ್ಟು, ಮಾಮೂಲಿ ಕಂಪ್ಯೂಟರ್‌ಗಳ ಬಗೆಯ ಎಎಂಡಿ ಪ್ರೊಸೆಸರ್ ಅಳವಡಿಸಿತು. ಹೀಗಾಗಿ ಪಿಎಸ್3 ಡಿಸ್ಕ್ ಪಿಎಸ್4ರಲ್ಲಿ ನಡೆಯದು. 2021ರ ಫೆಬ್ರವರಿ 2ರಂದು ಭಾರತದಲ್ಲಿ ಮಾರಾಟಕ್ಕೆ ಬಂದ ಪಿಎಸ್5 ಅದೇ ಎಎಂಡಿ ಕುಟುಂಬಕ್ಕೆ ಸೇರಿರುವುದರಿಂದ ಪಿಎಸ್4ರ ನಾಲ್ಕು ಸಾವಿರಕ್ಕೂ ಹೆಚ್ಚು ಆಟಗಳನ್ನು, ಬೆರಳೆಣಿಕೆಯ ಕೆಲವನ್ನು ಹೊರತುಪಡಿಸಿ, ಆಡಿಸುತ್ತದೆ. ಅದಕ್ಕಿಂತ ಹಿಂದಿನ ಯಾವ ಡಿಸ್ಕ್ ಅನ್ನೂ ಅದು ಒಪ್ಪುವುದಿಲ್ಲ.

ಇದರ ನಷ್ಟ ಯಾರಿಗೆ ಎಂದು ತಿಳಿಯಲು ಕ್ರಿಕೆಟ್ ಆಟಗಳನ್ನು ನೋಡಿದರೆ ಸಾಕು. ಇಎ ಸ್ಪೋರ್ಟ್ಸ್ 2006ರ ನವೆಂಬರ್‌ನಲ್ಲಿ ಹೊರತಂದ ಕ್ರಿಕೆಟ್ 07 ಭಾರತದ ಹುಡುಗರು ಬಹುಶಃ ಅತ್ಯಂತ ಹೆಚ್ಚು ಆಡಿದ ಆಟಗಳಲ್ಲಿ ಒಂದು. ಅದು ಬಂದದ್ದು ಕಂಪ್ಯೂಟರ್‌ಗೆ ಮತ್ತು ಪಿಎಸ್2ಗೆ ಮಾತ್ರ. ಆ ಕಂಪನಿ ಬಳಿಕ ಕನ್ಸೋಲ್‌ಗಾಗಿ ಕ್ರಿಕೆಟ್ ಆಟ ಮಾಡಲೇ ಇಲ್ಲ. ಬ್ರಯಾನ್ ಲಾರಾ ಹೆಸರಿನ 2007ರ ಆಟವನ್ನು ಭಾರತದಲ್ಲಿ ಯುವರಾಜ್ ಸಿಂಗ್ ಹೆಸರಿನಲ್ಲಿ ಮಾರಲಾಯಿತು. ಆಷಸ್ ಕ್ರಿಕೆಟ್ 2009 ಪಿಎಸ್3 ಪೀಳಿಗೆಯದು. ಈ ಮೂರರ ಪ್ಲೇಸ್ಟೇಷನ್ ಡಿಸ್ಕ್‌ಗಳನ್ನು ಜೋಪಾನವಾಗಿಟ್ಟ ಮನೆಗೆ ಪಿಎಸ್5 ಬಂದರೆ ಅದರಲ್ಲಿ ಒಂದೂ ನಡೆಯುವುದಿಲ್ಲ. 2023ರಲ್ಲಿ ಬಂದ ಕ್ರಿಕೆಟ್ 24ರಂತಹ ಹೊಸ ಆಟಕ್ಕೆ ಮತ್ತೆ ಹಣ ತೆರಬೇಕು. ಹೊಸದು ಚೆನ್ನಾಗಿದೆಯೇ ಇಲ್ಲವೇ ಎಂಬುದು ಬೇರೆ ಮಾತು. ಹಳೆಯದು ಬೇಕು ಎನ್ನುವವನಿಗೆ ಅದು ಉತ್ತರವಲ್ಲ.

ಹಳೆಯ ಆಟಗಳನ್ನು ಇಂಟರ್ನೆಟ್ ಮೂಲಕ ಕೊಡುತ್ತೇವೆ ಎಂಬುದು ಕಂಪನಿಗಳ ಸಮಾಧಾನ. 2022ರ ಜೂನ್‌ನಲ್ಲಿ ಸೋನಿ ತನ್ನ ಚಂದಾ ಯೋಜನೆಗಳನ್ನು ಬದಲಿಸಿದಾಗ ಅಮೆರಿಕ ಮತ್ತಿತರ ದೇಶಗಳಿಗೆ ಪ್ರೀಮಿಯಂ ಎಂಬ ಮೇಲಿನ ದರ್ಜೆ ಸಿಕ್ಕಿತು. ಅದರಲ್ಲಿ ಪಿಎಸ್3 ಆಟಗಳನ್ನು ಸ್ಟ್ರೀಮಿಂಗ್ ಮೂಲಕ ಆಡಬಹುದಿತ್ತು. ಆ ಸೌಲಭ್ಯವಿಲ್ಲದ ಭಾರತಕ್ಕೆ ದೊರೆತದ್ದು ಡಿಲಕ್ಸ್ ಎಂಬ ದರ್ಜೆ. ಪಿಎಸ್1, ಪಿಎಸ್2 ಮತ್ತು ಪಿಎಸ್‌ಪಿಯ ಆಯ್ದ ಕೆಲವು ಆಟಗಳ ಡೌನ್‌ಲೋಡ್ ಅದರಲ್ಲಿದ್ದರೂ ಪಿಎಸ್3 ಸ್ಟ್ರೀಮಿಂಗ್ ಇರಲಿಲ್ಲ. ವಿದೇಶಿ ವಿಮರ್ಶೆ ಓದಿ ಯಂತ್ರ ಆಯ್ಕೆ ಮಾಡುವವರು ಎಡವುವುದು ಇಂತಹ ಕಡೆಗಳಲ್ಲಿಯೇ.

ಈ ವಿಷಯದಲ್ಲಿ ಮೈಕ್ರೋಸಾಫ್ಟ್‌ನ ದಾಖಲೆ ಉತ್ತಮ ಎಂದು ಒಪ್ಪಬೇಕು. 2015ರಲ್ಲಿ ಅದು ಎಕ್ಸ್‌ಬಾಕ್ಸ್ 360ರ ಆಟಗಳನ್ನು ಎಕ್ಸ್‌ಬಾಕ್ಸ್ ಒನ್‌ನಲ್ಲಿ ನಡೆಸುವ ವ್ಯವಸ್ಥೆ ತಂದಿತು. 2021ರ ನವೆಂಬರ್‌ನಲ್ಲಿ ಕೊನೆಯ 76 ಆಟಗಳನ್ನು ಸೇರಿಸಿ ಆ ಕಾರ್ಯಕ್ರಮಕ್ಕೆ ತೆರೆ ಎಳೆಯಿತು. 2020ರ ನವೆಂಬರ್ 10ರಂದು ಭಾರತದಲ್ಲಿಯೂ ಬಿಡುಗಡೆಯಾದ ಸೀರೀಸ್ ಎಕ್ಸ್ ಹೀಗೆ 360ರ 600ಕ್ಕೂ ಹೆಚ್ಚು ಆಟಗಳನ್ನು, ಮೂಲ ಎಕ್ಸ್‌ಬಾಕ್ಸ್‌ನ 60ಕ್ಕೂ ಹೆಚ್ಚು ಆಟಗಳನ್ನು ಆಡಿಸಬಲ್ಲದು. ಆದರೆ 360ಕ್ಕೆ ಬಂದ ಒಟ್ಟು ಆಟಗಳು ಎರಡು ಸಾವಿರದ ಆಸುಪಾಸಿನಲ್ಲಿವೆ. ಪಟ್ಟಿಯಲ್ಲಿ ಹೆಸರಿಲ್ಲದ ಡಿಸ್ಕ್ ಪ್ರಯೋಜನಕ್ಕೆ ಬಾರದು. ತಂತ್ರಜ್ಞಾನ ಸಾಧ್ಯವಾದರೂ ಪ್ರತಿ ಆಟಕ್ಕೂ ಅದರ ಹಕ್ಕುದಾರರ ಒಪ್ಪಿಗೆ ಬೇಕು. ಸಂಗೀತ, ಆಟಗಾರರ ಹೆಸರು, ಕಾರುಗಳ ಚಿಹ್ನೆ ಇವುಗಳ ಪರವಾನಗಿ ಮುಗಿದಿದ್ದರೆ ಆ ಒಪ್ಪಿಗೆ ಸಿಗುವುದು ಕಷ್ಟ. ಇನ್ನೊಂದು ಮಾತು: 360ರ ಡಿಸ್ಕ್ ಹಾಕಿದಾಗ ಆಟ ಡಿಸ್ಕ್‌ನಿಂದ ನಡೆಯುವುದಿಲ್ಲ. ಡಿಸ್ಕ್ ಬೀಗದ ಕೈಯಷ್ಟೇ. ಆಟವನ್ನು ಕಂಪನಿಯ ಸರ್ವರ್‌ನಿಂದ ಇಳಿಸಿಕೊಳ್ಳಬೇಕು.

ನಿಂಟೆಂಡೊ ಕಂಪನಿಯ ಸ್ವಿಚ್ 2 (2025ರ ಜೂನ್) ಹಿಂದಿನ ಸ್ವಿಚ್‌ನ ಬಹುತೇಕ ಆಟಗಳನ್ನು ನಡೆಸುತ್ತದೆ. ಆದರೆ ಬಿಡುಗಡೆಯ ಹೊತ್ತಿಗೆ ಭಾರತದಲ್ಲಿ ಕಂಪನಿಯ ಅಧಿಕೃತ ಮಾರಾಟ ಇರಲಿಲ್ಲವಾದ್ದರಿಂದ ಆಮದು ಮಾಡಿದ ಯಂತ್ರ ಕೆಟ್ಟರೆ ಕೇಳುವವರಾರು ಎಂಬ ಚಿಂತೆ ಬೆನ್ನಿಗೇ ಬರುತ್ತದೆ.

ಡ್ರೈವ್ ಇಲ್ಲದ ಅಗ್ಗದ ಮಾದರಿ

ವಿಜಯಪುರದಂತಹ ಊರುಗಳ ಗ್ರಾಹಕರನ್ನು ಹೆಚ್ಚು ಕಾಡಬೇಕಾದದ್ದು ಡಿಸ್ಕ್ ಡ್ರೈವ್‌ನ ವಿಚಾರ. 2024ರ ಏಪ್ರಿಲ್‌ನಲ್ಲಿ ಪಿಎಸ್5 ಸ್ಲಿಮ್ ಭಾರತಕ್ಕೆ ಬಂದಾಗ ಅದರ ಬೆಲೆ ಡ್ರೈವ್ ಇರುವುದಕ್ಕೆ 54,990, ಇಲ್ಲದ ಡಿಜಿಟಲ್ ಮಾದರಿಗೆ 44,990 ರೂಪಾಯಿ ಇತ್ತು. ಹತ್ತು ಸಾವಿರ ಉಳಿಯಿತು ಎಂದು ಎರಡನೆಯದನ್ನು ತಂದವರಿಗೆ ಪಿಎಸ್4ರ ಡಿಸ್ಕ್‌ಗಳೂ ವ್ಯರ್ಥ. ಎಕ್ಸ್‌ಬಾಕ್ಸ್ ಸೀರೀಸ್ ಎಸ್‌ಗೂ ಡ್ರೈವ್ ಇಲ್ಲ; ಹಳೆಯ ಆಟ ಆಡಿಸುವ ಶಕ್ತಿ ಅದಕ್ಕಿದೆ, ಹಳೆಯ ಡಿಸ್ಕ್ ನುಂಗುವ ಬಾಯಿ ಇಲ್ಲ. ಸ್ಲಿಮ್‌ಗೆ ಡ್ರೈವ್ ಅನ್ನು ಪ್ರತ್ಯೇಕವಾಗಿ ಕೊಂಡು ಜೋಡಿಸಬಹುದಾದರೂ ಮೊದಲ ಬಾರಿ ಜೋಡಿಸುವಾಗ ಇಂಟರ್ನೆಟ್ ಸಂಪರ್ಕ ಕಡ್ಡಾಯ.

ಡಿಸ್ಕ್ ಎಂದರೆ ಹಳೆಯ ಆಟದ ನೆನಪಷ್ಟೇ ಅಲ್ಲ, ಅದು ಮರಳಿ ಮಾರಬಹುದಾದ ಆಸ್ತಿ. ನಾಲ್ಕೈದು ಸಾವಿರ ರೂಪಾಯಿಯ ಆಟವನ್ನು ಮುಗಿಸಿ ಅರ್ಧ ಬೆಲೆಗೆ ಕೊಟ್ಟು, ಆ ಹಣಕ್ಕೆ ಇನ್ನೊಂದನ್ನು ತರುವ, ಗೆಳೆಯರೊಡನೆ ಅದಲು ಬದಲು ಮಾಡಿಕೊಳ್ಳುವ ರೂಢಿಯೇ ಈ ಹವ್ಯಾಸವನ್ನು ಸಾಧಾರಣ ಆದಾಯದ ಕುಟುಂಬಗಳಿಗೆ ಎಟುಕುವಂತೆ ಮಾಡಿದ್ದು. ಡಿಜಿಟಲ್ ಆಟ ಕೊಂಡವನ ಖಾತೆಗೇ ಅಂಟಿಕೊಳ್ಳುತ್ತದೆ. ಮಾರುವಂತಿಲ್ಲ, ತಮ್ಮನಿಗೆ ಬಿಟ್ಟುಕೊಡುವುದೂ ಸುಲಭವಲ್ಲ.

ಇನ್ನು ಡೌನ್‌ಲೋಡ್‌ನ ಲೆಕ್ಕ. ದೊಡ್ಡ ಆಟವೊಂದು 50ರಿಂದ 100 ಜಿಬಿ ತೂಗುತ್ತದೆ. ಜಲನಗರದಲ್ಲಿ ಫೈಬರ್ ಸಂಪರ್ಕವಿರುವ ಮನೆಗೆ ಅದು ಒಂದು ರಾತ್ರಿಯ ಕೆಲಸವಾಗಬಹುದು. ತಿಕೋಟಾ ಅಥವಾ ಬಬಲೇಶ್ವರದ ಕಡೆಯ ದ್ರಾಕ್ಷಿ ತೋಟದ ಮನೆಯಲ್ಲಿ ದಿನಕ್ಕೆ 2 ಜಿಬಿ ಕೊಡುವ ಮೊಬೈಲ್ ಪ್ಯಾಕನ್ನೇ ನೆಚ್ಚಿಕೊಂಡವನಿಗೆ 50 ಜಿಬಿ ಎಂದರೆ 25 ದಿನಗಳ ಪಾಲು. ನಡುವೆ ಕರೆಂಟು ಹೋದರೆ ಕಾಯುವಿಕೆ ಇನ್ನಷ್ಟು ಉದ್ದ. ಪಿಎಸ್4 ಆಟವನ್ನು ಡಿಸ್ಕ್‌ನಿಂದ ಇನ್‌ಸ್ಟಾಲ್ ಮಾಡುವವನಿಗೆ ಈ ಹೊರೆಯ ಬಹುಪಾಲು ತಪ್ಪುತ್ತದೆ.

ಕೊಂಡದ್ದು ವಸ್ತುವೋ, ಅನುಮತಿಯೋ?

ಡಿಜಿಟಲ್ ಅಂಗಡಿಗಳು ಶಾಶ್ವತವಲ್ಲ ಎಂಬುದು ಈಗಾಗಲೇ ಸಾಬೀತಾಗಿದೆ. ನಿಂಟೆಂಡೊ 2023ರ ಮಾರ್ಚ್‌ನಲ್ಲಿ 3ಡಿಎಸ್ ಮತ್ತು ವೀ ಯು ಯಂತ್ರಗಳ ಆನ್‌ಲೈನ್ ಮಾರಾಟ ನಿಲ್ಲಿಸಿತು. ಎಕ್ಸ್‌ಬಾಕ್ಸ್ 360ರ ಅಂಗಡಿ 2024ರ ಜುಲೈ 29ರಂದು ಮುಚ್ಚಿತು. ಸೋನಿ 2021ರಲ್ಲಿ ಪಿಎಸ್3 ಅಂಗಡಿ ಮುಚ್ಚುವುದಾಗಿ ಪ್ರಕಟಿಸಿ, ಗ್ರಾಹಕರ ಆಕ್ರೋಶಕ್ಕೆ ಮಣಿದು ಕೆಲವೇ ವಾರಗಳಲ್ಲಿ ಹಿಂದೆ ಸರಿಯಿತು. ಯೂಬಿಸಾಫ್ಟ್ ಕಂಪನಿ 2024ರ ಮಾರ್ಚ್ 31ರಂದು ದಿ ಕ್ರೂ ಎಂಬ ಆಟದ ಸರ್ವರ್ ನಿಲ್ಲಿಸಿದಾಗ ಡಿಸ್ಕ್ ಇದ್ದವರಿಗೂ ಆಟ ಇಲ್ಲವಾಯಿತು. ಅದರ ವಿರುದ್ಧ ಹುಟ್ಟಿದ ಚಳವಳಿಯ ಮನವಿಗೆ ಯುರೋಪಿನಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಸಹಿಗಳು ಬಿದ್ದಿವೆ. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ 2025ರ ಜನವರಿಯಿಂದ ಜಾರಿಯಲ್ಲಿರುವ ಕಾನೂನಿನ ಪ್ರಕಾರ, ಡಿಜಿಟಲ್ ಆಟ ಮಾರುವವರು ತಾವು ಕೊಡುತ್ತಿರುವುದು ಪರವಾನಗಿಯೇ ಹೊರತು ಒಡೆತನವಲ್ಲ ಎಂದು ಕೊಳ್ಳುವ ಮುನ್ನವೇ ಸ್ಪಷ್ಟವಾಗಿ ತಿಳಿಸಬೇಕು. ಭಾರತದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ದಾರಿ ತಪ್ಪಿಸುವ ಜಾಹೀರಾತಿನ ವಿರುದ್ಧ ಅಸ್ತ್ರ ಕೊಟ್ಟಿದೆಯಾದರೂ ಇಷ್ಟು ನೇರವಾದ ನಿಯಮ ಅದರಲ್ಲಿಲ್ಲ. ಕನ್ಸೋಲ್ ಮೇಲಿನ ಜಿಎಸ್‌ಟಿಯನ್ನು 2019ರ ಜನವರಿಯಿಂದ ಶೇ 28ರಿಂದ 18ಕ್ಕೆ ಇಳಿಸಿದ್ದನ್ನು ಬಿಟ್ಟರೆ ಸರ್ಕಾರದ ಗಮನ ಈ ಗ್ರಾಹಕರ ಕಡೆಗೆ ಅಷ್ಟಾಗಿ ಹರಿದಂತಿಲ್ಲ.

ನಮ್ಮದೇ ಆಟಗಳ ಸ್ಥಿತಿ ಇನ್ನೂ ಶೋಚನೀಯ. ಹೈದರಾಬಾದಿನ ಅರೋನಾ ಟೆಕ್ನಾಲಜೀಸ್ ರೂಪಿಸಿದ ಹನುಮಾನ್: ಬಾಯ್ ವಾರಿಯರ್ 2009ರಲ್ಲಿ ಪಿಎಸ್2ಗಾಗಿ ಬಂದಾಗ, ಭಾರತದಲ್ಲೇ ಪೂರ್ಣವಾಗಿ ತಯಾರಾದ ಮೊದಲ ಪ್ಲೇಸ್ಟೇಷನ್ ಆಟವೆಂದು ಸುದ್ದಿಯಾಯಿತು. ಅದೇ ವರ್ಷದ ದೇಸಿ ಅಡ್ಡಾದಲ್ಲಿ ಕಬಡ್ಡಿ, ಗಿಲ್ಲಿದಾಂಡು, ಗಾಳಿಪಟಗಳಿದ್ದವು. 2010ರಲ್ಲಿ ಗಲ್ಲಿ ಕ್ರಿಕೆಟ್ ಆಧರಿಸಿದ ಸ್ಟ್ರೀಟ್ ಕ್ರಿಕೆಟ್ ಚಾಂಪಿಯನ್ಸ್ ಬಂತು. ಇವುಗಳ ಪಿಎಸ್2 ಡಿಸ್ಕ್‌ಗಳಿಗೂ ಇಂದಿನ ಯಂತ್ರಗಳಲ್ಲಿ ಪ್ರವೇಶವಿಲ್ಲ. ಪ್ರತಿ ಪ್ರಕಾಶಕನೂ ಪುಸ್ತಕದ ಪ್ರತಿಯನ್ನು ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೆ ಸಲ್ಲಿಸಬೇಕೆಂಬ 1954ರ ಕಾಯ್ದೆ ಪುಸ್ತಕ ಮತ್ತು ಪತ್ರಿಕೆಗಳಿಗೆ ಅನ್ವಯಿಸುತ್ತದೆ, ಆಟಗಳಿಗಲ್ಲ.

ಹಾಗಾದರೆ ಕೊಳ್ಳುವುದೇನನ್ನು? ಕಪಾಟಿನಲ್ಲಿ ಪಿಎಸ್4 ಡಿಸ್ಕ್‌ಗಳಿದ್ದರೆ ಡ್ರೈವ್ ಇರುವ ಪಿಎಸ್5 ನಿಸ್ಸಂದೇಹವಾದ ಆಯ್ಕೆ. ಡ್ರೈವ್ ಇಲ್ಲದ ಮಾದರಿಯ ಉಳಿತಾಯಕ್ಕೆ ಮರುಳಾಗಬಾರದು. 360ರ ಸಂಗ್ರಹವಿದ್ದವರು ಒಂದೊಂದು ಆಟದ ಹೆಸರನ್ನೂ ಪಟ್ಟಿಯಲ್ಲಿ ನೋಡಿಕೊಂಡೇ ಸೀರೀಸ್ ಎಕ್ಸ್‌ಗೆ ಕೈ ಹಾಕಬೇಕು. ಪಿಎಸ್3 ಡಿಸ್ಕ್‌ಗಳಿಗೆ ಸೆಕೆಂಡ್ ಹ್ಯಾಂಡ್ ಪಿಎಸ್3ಯೇ ಗತಿ, ಮತ್ತು ಅದು ಕೆಟ್ಟ ಗತಿಯೇನಲ್ಲ: ಅದರ ಎಲ್ಲ ಮಾದರಿಗಳೂ ಪಿಎಸ್1ರ ಡಿಸ್ಕ್‌ಗಳನ್ನೂ ಆಡಿಸುತ್ತವೆ.

ಪಿಎಸ್2ರ ಕ್ರಿಕೆಟ್ ಬೇಕೆನ್ನುವವರು ಹೊಸದನ್ನು ಹುಡುಕುವ ಬದಲು ಅಟ್ಟದ ಮೇಲಿರುವ ಯಂತ್ರವನ್ನೇ ಇಳಿಸಿ ರಿಪೇರಿ ಮಾಡಿಸುವುದು ಲೇಸು. ಕೊಳ್ಳುವುದೇ ಆದರೆ ಅಂಗಡಿಯಲ್ಲೇ ಅಸಲಿ ಡಿಸ್ಕ್ ಹಾಕಿಸಿ ನೋಡಬೇಕು. ನಕಲು ಡಿಸ್ಕ್ ಆಡಿಸಲೆಂದು ಚಿಪ್ ಕೂರಿಸಿದ ಯಂತ್ರಗಳು ಒಂದು ಕಾಲದಲ್ಲಿ ಧಾರಾಳವಾಗಿದ್ದವು. ಭಾರತದ ಡಿಸ್ಕ್‌ಗಳು ಪಾಲ್ ಪದ್ಧತಿಯವಾದ್ದರಿಂದ ಅಮೆರಿಕದಿಂದ ನೆಂಟರು ತಂದುಕೊಟ್ಟ ಪಿಎಸ್2ರಲ್ಲಿ ಅವು ನಡೆಯವು. ಹೊಸ ಟಿವಿಗಳಲ್ಲಿ ಹಳದಿ, ಬಿಳಿ, ಕೆಂಪು ಪಿನ್‌ಗಳ ಜಾಗ ಹಲವೆಡೆ ಮಾಯವಾಗಿದೆ. ಎಚ್‌ಡಿಎಂಐಗೆ ಬದಲಿಸುವ ಪುಟ್ಟ ಕನ್ವರ್ಟರ್ ಒಂದನ್ನು ಜೊತೆಯಲ್ಲೇ ತರಬೇಕಾಗುತ್ತದೆ.