ಮರ ಕಡಿದರೆ ಬಾವಲಿ ಎಲ್ಲಿಗೆ ಹೋದೀತು?

ಹೋದ ತಿಂಗಳು ಪಕ್ಕದ ಊರಿನ ಗ್ರಾಮಸಭೆಗೆ ಒಂದು ಮನವಿ ಬಂದಿತು. ಶಾಲೆಯಿಂದ ಕೂಗಳತೆಯಲ್ಲಿ, ಕೆರೆಯ ದಂಡೆಯ ಮೇಲಿರುವ ಹಳೆಯ ಗೋಳಿಮರದಲ್ಲಿ ನೂರಾರು ಬಾವಲಿಗಳು ತೂಗಾಡುತ್ತಿವೆ. ಮಕ್ಕಳಿಗೆ ನಿಫಾ ಕಾಯಿಲೆ ತಗಲುವ ಭಯವಿದೆ. ಆದ್ದರಿಂದ ಮರವನ್ನು ಕಡಿಸಬೇಕು ಎಂಬುದು ಅದರ ಸಾರ. ಸಭೆಯಲ್ಲಿದ್ದ ಹಿರಿಯರೊಬ್ಬರು ನನ್ನ ಕಡೆಗೆ ತಿರುಗಿ, “ನೀವು ಓದಿದವರು, ಏನು ಮಾಡೋಣ ಹೇಳಿ” ಎಂದರು. ಎರಡು ಮಾತಿನಲ್ಲಿ ಮುಗಿಯುವ ಉತ್ತರ ಅದಾಗಿರಲಿಲ್ಲ. ತೀರ್ಮಾನ ಮುಂದಿನ ಸಭೆಗೆ ಹೋಯಿತು. ಅಂದು ಹೇಳಲಾಗದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲ ಪ್ರಶ್ನೆ: ಸುತ್ತ ಅಷ್ಟು ಕಾಡಿರುವಾಗ ಬಾವಲಿ ಆ ಮರವನ್ನೇ ಏಕೆ ಹಿಡಿಯಿತು? ಅಲ್ಲಿರುವುದು ನಮ್ಮ ದೇಶದ ಅತಿ ದೊಡ್ಡ ಹಣ್ಣುಬಾವಲಿ. ಬಿಚ್ಚಿದ ರೆಕ್ಕೆ ಒಂದು ಮೀಟರಿಗೂ ಮಿಕ್ಕಿ ಅಗಲ. ಇಷ್ಟು ಭಾರದ ಜೀವಿ ನೆಲದಿಂದ ಹಕ್ಕಿಯಂತೆ ಸಲೀಸಾಗಿ ಏಳಲಾರದು; ಎತ್ತರದಿಂದ ಕೆಳಕ್ಕೆ ಬಿದ್ದು ಗಾಳಿ ಹಿಡಿಯಬೇಕು. ಆದ್ದರಿಂದ ಅದಕ್ಕೆ ಎತ್ತರದ, ದಪ್ಪ ಕೊಂಬೆಗಳ, ಸುತ್ತ ತೆರವಿರುವ ಮರ ಬೇಕು. ಆಲ, ಅರಳಿ, ಗೋಳಿ, ಹುಣಸೆ, ಹೊಳೆಸಾಲಿನ ಮತ್ತಿ ಅದಕ್ಕೆ ಒಗ್ಗುತ್ತವೆ. ಹತ್ತಿರ ನೀರಿರಬೇಕು, ಸುಡುವ ಮಧ್ಯಾಹ್ನದಲ್ಲಿ ರೆಕ್ಕೆ ಬೀಸಿಕೊಂಡು, ಎಂಜಲಿನಿಂದ ಮೈ ನೆಕ್ಕಿಕೊಂಡು ತಂಪು ಮಾಡಿಕೊಳ್ಳುವ ಪ್ರಾಣಿಗೆ ಕೆರೆಯ ಬದಿಯ ತೇವ ಆಸರೆ. ಎಲ್ಲಕ್ಕೂ ಮಿಗಿಲಾಗಿ ಆ ಜಾಗದಲ್ಲಿ ಕಲ್ಲು, ಕೋವಿ, ಪಟಾಕಿಗಳ ಕಾಟ ಇರಬಾರದು. ದೇವರ ಬನಗಳಲ್ಲಿಯೂ ಗುಡಿಯ ಮುಂದಿನ ಮರಗಳಲ್ಲಿಯೂ ಬಾವಲಿ ತಲೆಮಾರುಗಳಿಂದ ನೆಲೆ ನಿಂತಿದ್ದರೆ, ಅಲ್ಲಿ ನಮ್ಮ ಹಿರಿಯರು ಕೊಡಲಿ ಎತ್ತದಿದ್ದುದೇ ಕಾರಣ.

ಎಲ್ಲ ಬಾವಲಿಗಳ ಆಯ್ಕೆಯೂ ಒಂದೇ ಅಲ್ಲ. ನಮ್ಮ ತೋಟದ ಬದಿಯ ಬೈನೆ ಮರವನ್ನೇ ನೋಡಿ. ಜಡೆಯಂತೆ ಇಳಿಬಿದ್ದ ಅದರ ಕಾಯಿಗೊನೆಯ ನಡುವಿನ ಎಳೆಗಳನ್ನು ಗಿಡ್ಡಮೂತಿಯ ಸಣ್ಣ ಹಣ್ಣುಬಾವಲಿ ಕಚ್ಚಿ ಕತ್ತರಿಸಿ, ಗಂಟೆಯ ಒಳಗಿನಂತಹ ಪೊಳ್ಳು ಮಾಡಿಕೊಳ್ಳುತ್ತದೆ. ಇದನ್ನು ಎಚ್.ಆರ್. ಭಟ್ ಮತ್ತು ಥಾಮಸ್ ಕುಂಝ್ 1995ರಲ್ಲಿ ವಿವರವಾಗಿ ಪ್ರಕಟಿಸಿದರು. ಈ ಜಾತಿಯಲ್ಲಿ ಮನೆ ಕಟ್ಟುವುದು ಗಂಡು. ಮಳೆ, ಬಿಸಿಲು, ಗೂಬೆಯ ಕಣ್ಣು ತಪ್ಪಿಸುವ ಆ ಮನೆಗೆ ಹೆಣ್ಣುಗಳು ಬಂದು ಸೇರುತ್ತವೆ. ಒಣಗಿ ತೂಗುವ ಬಾಳೆ ಎಲೆಯ ಸುರುಳಿಯಲ್ಲಿ ಕಿತ್ತಳೆ ಕಪ್ಪು ಬಣ್ಣದ ಚಿತ್ರಬಾವಲಿ ಮಲಗುತ್ತದೆ; ಒಣ ಎಲೆಯ ನಡುವೆ ಅದನ್ನು ಗುರುತಿಸುವುದು ಕಷ್ಟ. ದುಂಬಿ ಕೊರೆದ ಸೀಳಿನೊಳಗಿಂದ ಬಿದಿರಿನ ಪೊಳ್ಳಿಗೆ ನುಸುಳುವ ಕಿರುಬಾವಲಿಯ ತಲೆಬುರುಡೆ ಅದಕ್ಕೆಂದೇ ಚಪ್ಪಟೆಯಾಗಿದೆ.

ಕೀಟ ತಿನ್ನುವ ಹಲವು ಬಾವಲಿಗಳಿಗೆ ಪೊಟರೆಯೇ ಮನೆ. ಅವು ಬಾಯಿ ಕಿರಿದಾದ, ನೆಲದಿಂದ ಎತ್ತರದ, ಮರಿಗಳಿಗೆ ಬೆಚ್ಚಗಿರುವ ಪೊಟರೆಯನ್ನು ಹುಡುಕುತ್ತವೆ. ಒಂದೇ ಪೊಟರೆಯಲ್ಲಿ ಬಹುಕಾಲ ನಿಲ್ಲದೆ ಕೆಲವು ದಿನಗಳಿಗೊಮ್ಮೆ ಮರ ಬದಲಿಸುವ ಜಾತಿಗಳೂ ಇವೆ. ಹಾಗಾಗಿ ಒಂದು ಮರ ಉಳಿಸಿದರೆ ಸಾಲದು, ಆಸುಪಾಸಿನಲ್ಲಿ ಹತ್ತಾರು ಹಳೆಯ ಮರಗಳಿರಬೇಕು. ಮರಕುಟಿಗ ಕೊರೆದು, ಶಿಲೀಂಧ್ರ ತಿಂದು, ಕೊಂಬೆ ಮುರಿದು ಒಂದು ಪೊಟರೆ ಆಗಲು ದಶಕಗಳೇ ಬೇಕು. ನಾವಾದರೋ ಸೊಪ್ಪಿನ ಬೆಟ್ಟದಲ್ಲಿ ನಿಂತು ಒಣಗಿದ ಮರವನ್ನು ‘ಸತ್ತ ಮರ’ ಎಂದು ಮೊದಲು ಸೌದೆಗೆ ಕಡಿಯುತ್ತೇವೆ. ಹೆದ್ದಾರಿ ಅಗಲವಾಗುವಾಗ ಸಾಲುಮರ ಹೋಗುತ್ತದೆ. ಬದಲಿಗೆ ನೆಟ್ಟ ಅಕೇಶಿಯಾ ನೆಡುತೋಪು ಲೆಕ್ಕದ ಪುಸ್ತಕದಲ್ಲಿ ಕಾಡೇ. ಆದರೆ ಎಳೆಯದಿರುವಾಗಲೇ ಕಟಾವಾಗುವ ಆ ಮರದಲ್ಲಿ ಪೊಟರೆಯೂ ಇಲ್ಲ, ಹಣ್ಣೂ ಇಲ್ಲ.

ಈಗ ನಿಫಾ ವಿಷಯ. ಪೋಷಕರ ಭಯವನ್ನು ಮೂಢನಂಬಿಕೆ ಎಂದು ತಳ್ಳಿಹಾಕುವುದು ತಪ್ಪು. 2018ರಲ್ಲಿ ಕೇರಳದ ಕೋಳಿಕ್ಕೋಡ್ ಮತ್ತು ಮಲಪ್ಪುರಂ ಜಿಲ್ಲೆಗಳಲ್ಲಿ ಈ ರೋಗ 17 ಜನರನ್ನು ಬಲಿ ತೆಗೆದುಕೊಂಡಿತು; ಆ ಬಳಿಕವೂ ಆ ರಾಜ್ಯದಲ್ಲಿ ಮರುಕಳಿಸಿದೆ. ಈ ವೈರಾಣುವಿನ ಸಹಜ ಆಶ್ರಯ ದೊಡ್ಡ ಹಣ್ಣುಬಾವಲಿ ಎಂಬುದೂ ನಿಜ. ಆದರೆ ಮರ ಕಡಿದರೆ ಬಾವಲಿ ಸಾಯುವುದಿಲ್ಲ; ಒಂದೇ ರಾತ್ರಿಯಲ್ಲಿ ಹತ್ತಾರು ಕಿಲೋಮೀಟರ್ ಹಾರಬಲ್ಲ ಹಿಂಡು ಚದುರಿ ಯಾರದೋ ಹಿತ್ತಲಿನ ಮಾವಿಗೆ, ಯಾರದೋ ತೋಟದ ಬೈನೆಗೆ ಹೋಗುತ್ತದೆ. ಒಂದು ಕಡೆ ಇದ್ದದ್ದು ಹತ್ತು ಕಡೆ ಆಗುತ್ತದೆ. ಆಸ್ಟ್ರೇಲಿಯಾದಲ್ಲಿ ನಿಫಾದ ಹತ್ತಿರದ ಬಂಧುವಾದ ಹೆಂಡ್ರಾ ವೈರಾಣುವನ್ನು ಅಧ್ಯಯನ ಮಾಡಿದವರು ಕಂಡದ್ದು ಇದು: ಕಾಡು ಕಳೆದುಕೊಂಡು, ಆಹಾರ ಸಿಗದೆ ಬಳಲಿದ ಬಾವಲಿಗಳು ಊರಿನ ಹತ್ತಿರ ಬಂದಾಗಲೇ ರೋಗ ದಾಟುವ ಸಂಭವ ಹೆಚ್ಚು.

ಹಾಗಾದರೆ ಮಾಡಬೇಕಾದದ್ದೇನು? ಬಾವಲಿ ಕಚ್ಚಿದ ಹಣ್ಣನ್ನು ಮಕ್ಕಳು ತಿನ್ನದಂತೆ ನೋಡಿಕೊಳ್ಳಬೇಕು. ಚೀಪಿ ಬೀಳಿಸಿದ ಅಡಕೆ ಹೆಕ್ಕುವವರು ಕೈಗವಸು ತೊಡಬೇಕು, ಸಾಬೂನಿನಿಂದ ಕೈ ತೊಳೆಯಬೇಕು. ಬೈನೆಯ ಹಸಿ ರಸ ಇಳಿಸುವವರು ಮಡಕೆಯ ಬಾಯನ್ನು ಮುಚ್ಚಬೇಕು. ಬಾಂಗ್ಲಾದೇಶದಲ್ಲಿ ಈಚಲಿನ ಹಸಿ ರಸದಿಂದಲೇ ರೋಗ ಹರಡಿದ್ದು ಖಚಿತವಾದಾಗ, ಅಲ್ಲಿ ಬಿದಿರಿನ ತಡಿಕೆ ಕಟ್ಟಿ ಬಾವಲಿಯನ್ನು ಮಡಕೆಯಿಂದ ದೂರವಿಡಲಾಯಿತು. ಮರದಡಿ ಮಕ್ಕಳು ಆಡದಂತೆ ಬೇಲಿ ಹಾಕಬಹುದು. ಸತ್ತ ಬಾವಲಿಯನ್ನು ಮುಟ್ಟದೆ ಆರೋಗ್ಯ ಇಲಾಖೆಗೆ ತಿಳಿಸಬೇಕು. ಇವೆಲ್ಲ ಮರ ಕಡಿಯುವುದಕ್ಕಿಂತ ಅಗ್ಗ, ಮತ್ತು ಪರಿಣಾಮಕಾರಿ.

ಸಪೋಟ, ಪೇರಲೆ ಬೆಳೆದವರಿಗೆ ಬಾವಲಿಯಿಂದ ನಷ್ಟವಿದೆ. ಅದನ್ನು ಮುಚ್ಚಿಟ್ಟು ಮಾತನಾಡುವುದು ಪ್ರಾಮಾಣಿಕವಲ್ಲ. ಗೊನೆಗೆ ಚೀಲ, ಮರಕ್ಕೆ ಬಲೆ ಅದಕ್ಕೆ ಉಪಾಯ. ಲೆಕ್ಕದ ಇನ್ನೊಂದು ಬದಿಯನ್ನೂ ಬರೆಯಬೇಕು. ಬೂರುಗದ ಹೂವಿಗೆ ಪರಾಗ ಮುಟ್ಟಿಸುವವರಲ್ಲಿ ಬಾವಲಿ ಒಂದು. ಆಲ, ಅತ್ತಿಗಳ ಬೀಜವನ್ನು ಬೋಳುಗುಡ್ಡಕ್ಕೆ ಒಯ್ಯುವುದೂ ಅದೇ. ಕೀಟಭಕ್ಷಕ ಬಾವಲಿ ರಾತ್ರಿಯಿಡೀ ಗದ್ದೆಯ ಮೇಲೆ ಹುಳು ಹಿಡಿಯುತ್ತದೆ, ಕೂಲಿ ಕೇಳುವುದಿಲ್ಲ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಹಣ್ಣುಬಾವಲಿ ಬಹುಕಾಲ ಇಲಿ, ಕಾಗೆಗಳ ಜೊತೆ ‘ಪೀಡೆ’ಯ ಪಟ್ಟಿಯಲ್ಲಿತ್ತು. 2022ರ ತಿದ್ದುಪಡಿ ಆ ಪಟ್ಟಿಯನ್ನೇ ತೆಗೆದುಹಾಕಿತು. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಡಿ ಇಂಥ ಮರ ಕಡಿಯಲು ವೃಕ್ಷಾಧಿಕಾರಿಯ ಅನುಮತಿ ಬೇಕು. ಗ್ರಾಮಸಭೆಯ ಕೈ ಎತ್ತಿದ ಲೆಕ್ಕವಷ್ಟೇ ಸಾಲದು.

ವಿದ್ಯಾರ್ಥಿ ಮಿತ್ರರಲ್ಲಿ ಒಂದು ಕೋರಿಕೆ. ನಿಮ್ಮೂರಿನ ಬಾವಲಿ ಮರ ಯಾವುದು, ಅದರ ಸುತ್ತಳತೆ ಎಷ್ಟು, ನೀರು ಎಷ್ಟು ದೂರ, ಸಂಜೆ ಎಷ್ಟು ಹಾರಿದವು ಎಂದು ದೂರದಲ್ಲೇ ನಿಂತು ಎಣಿಸಿ, ತಿಂಗಳಿಗೊಮ್ಮೆ ಬರೆದಿಡಿ. ಮುಂದಿನ ಸಭೆಯಲ್ಲಿ ಭಯದ ಮಾತಿಗೆ ಎದುರಾಗಿ ಇಡಲು ನಮ್ಮ ಬಳಿ ಒಂದು ಪುಸ್ತಕವಾದರೂ ಇರಲಿ.

ದೊಡ್ಡ ಹಣ್ಣುಬಾವಲಿ ವರ್ಷಕ್ಕೆ ಹೆರುವುದು ಒಂದೇ ಮರಿ. ಕಳೆದುಕೊಂಡ ಹಿಂಡು ಬೇಗ ತುಂಬುವುದಿಲ್ಲ; ಕಳೆದುಕೊಂಡ ಗೋಳಿಮರವಂತೂ ನಮ್ಮ ಆಯುಸ್ಸಿನಲ್ಲಿ ಮರಳುವುದಿಲ್ಲ. ಮುಂದಿನ ಗ್ರಾಮಸಭೆಗೆ ನಾನು ಹೋಗುತ್ತಿದ್ದೇನೆ. ನೀವೂ ಬನ್ನಿ.